ಬಾಗಿಲ ಮುಂದಿನ ಹತ್ತು ಲಕ್ಷದ ಮೂರು

ಮಾನ್ವಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಗಣಿತದ ಟೀಚರಮ್ಮ ಪ್ರತಿ ಏಕಾದಶಿಯ ಉಪವಾಸಕ್ಕೂ ಒಂದು ದೊಡ್ಡ ಸಂಖ್ಯೆ ಹಿಡಿದು ಕೂರುತ್ತಿದ್ದರು. ಒಲೆ ಹಚ್ಚದ ಅಡುಗೆಮನೆಯ ನೆಲದ ತುಂಬ ಸೀಮೆಸುಣ್ಣದ ಭಾಗಾಕಾರ! ಏಳು, ಹನ್ನೊಂದು, ಹದಿಮೂರು ಎಂದು ಭಾಗಿಸುತ್ತಾ, "ಎಲ್ಲೋ ಒಂದ್ಕಡಿ ಒಡೀತದ, ತಡೀರಿ" ಎನ್ನುವರು. ಎದುರಿಗೆ ಯಾರೂ ಇಲ್ಲದಿದ್ದರೂ ಎನ್ನುವರು.

ಒಮ್ಮೆ ಹತ್ತು ಲಕ್ಷದ ಮೂರು ಸಿಕ್ಕಿತು. ಸಂಜೆಯಾದರೂ ಅದು ಯಾವುದಕ್ಕೂ ಬಗ್ಗಲಿಲ್ಲ. ನಾನು ಮೊಬೈಲ್ ತೆಗೆದೆ. "ಅದರಾಗ ನೋಡಿ ಹೇಳಿದ್ರ ನಮ್ಮನಿಗೆ ಬರಬ್ಯಾಡ ನೋಡು ತಂಗಿ!" ಎಂದು ಗದರಿದರು.

ದ್ವಾದಶಿಯ ಬೆಳಗ್ಗೆ ಅವರ ಯಜಮಾನರ ಕೂಗು ನಮ್ಮ ಮನೆಗೂ ಕೇಳಿತು. "ಪಾರಣಿ ಹೊತ್ತು ಮೀರಾಕತ್ತದ, ಉಪವಾಸ ಬಿಡೂದದನೋ ಇಲ್ಲೋ? ಎಲಿ ಹಾಕು!"

ಹೊರಗೆ ಓಡಿ ಬಂದೆ. ಟೀಚರಮ್ಮ ರಂಗೋಲಿ ಬಟ್ಟಲು ಹಿಡಿದು ಬಾಗಿಲ ಮುಂದೆ ಕೂತಿದ್ದರು. "ಸಾವಿರದ ತನಕ ಯಾವುದಕ್ಕೂ ಒಡೀಲಿಲ್ಲ ತಂಗಿ! ಸಾವಿರಕ್ಕ ಸಾವಿರ ಗುಣಿಸಿದ್ರ ಹತ್ತು ಲಕ್ಷ ಆತು, ಇನ್ನ ಒಡಿಯೂದಿಲ್ಲ! ಅವಿಭಾಜ್ಯ!" ಎಂದರು. ದಿನವೂ ಪದ್ಮ ಬಿಡಿಸುತ್ತಿದ್ದ ಜಾಗದಲ್ಲಿ ಬೆಳ್ಳಗೆ 1000003 ಹೊಳೆಯುತ್ತಿತ್ತು.

ಸಿಟ್ಟಿನಿಂದ ಹೊರಬಂದ ಯಜಮಾನರು ಹೊಸ್ತಿಲಲ್ಲೇ ನಿಂತರು. ಧೋತರ ಎತ್ತಿಕೊಂಡು, ಅಂಕಿ ತುಳಿಯದಂತೆ ಬದಿಯಿಂದ ಇಳಿದು ಒಂದು ಸುತ್ತು ಬಂದು ನೋಡಿದರು.

"ಎಲಿ ನಾ ಹಾಕ್ತೀನಿ," ಎಂದರು. "ನೀ ಅದರ ಸುತ್ತ ಬಳ್ಳಿ ಬಿಡಿಸಿ ಬಾ."