ಕಣ್ಣಿಂದ ಗಿಡದ ತಲೆಯವರೆಗೆ

ಆ ವರ್ಷ ಟೀ ಫ್ಯಾಕ್ಟರಿಯವರು ಎಲೆ ತೂಗಿ ಕೊಳ್ಳುವ ಶೆಡ್ಡಿನಲ್ಲಿ ನನ್ನ ಮೂಟೆಯನ್ನು ವಾಪಸ್ ಕೊಟ್ಟರು. ಅದಕ್ಕೆ ಮುಂಚೆ ಮೂವತ್ತು ವರ್ಷ ನಾನು ಟೀ ಎಲೆ ಕಿತ್ತಿದ್ದೆ. ಒಂದು ಹಿಡಿಯೂ ವಾಪಸ್ ಬಂದಿರಲಿಲ್ಲ.

ಊಟಿ ಹತ್ತಿರ, ಕೆತ್ತಿ ಕಣಿವೆಯ ಮೇಲ್ಗಡೆ ನಮ್ಮ ತೋಟ. ಚಿಕ್ಕದು. ಗುಂಡ್ಲುಪೇಟೆ ಕಡೆಯಿಂದ ನಾನು ಮದುವೆಯಾಗಿ ಬಂದಾಗ ಅದು ಆಲೂಗಡ್ಡೆ ಹೊಲ. ನಾನೂ ನನ್ನ ಗಂಡನೂ ಸೇರಿ ಟೀ ಗಿಡ ಹಾಕಿದೆವು. ಗಂಡ ಹೋದ ಮೇಲೆ ನಾನೇ ನೋಡಿಕೊಂಡೆ. ಮಗ ಕ್ಯಾರೆಟ್ಟು, ಬೀಟ್‌ರೂಟು ತುಂಬಿಕೊಂಡು ಮೇಟುಪಾಳ್ಯದ ಮಂಡಿಗೆ ವ್ಯಾನ್ ಓಡಿಸುತ್ತಾನೆ. ಸೊಸೆಗೆ ಮನೆ, ಎರಡು ಹಸು. ಟೀ ಮಾತ್ರ ನನ್ನದು. ಅದರಲ್ಲಿ ಯಾರೂ ಕೈ ಹಾಕುತ್ತಿರಲಿಲ್ಲ.

ನನ್ನ ಕಣ್ಣು ಚಿಕ್ಕಂದಿನಿಂದ ಹಾಗೇ. ದೂರದ್ದು ಕಾಣಲ್ಲ. ಮೂರನೇ ಕ್ಲಾಸಿನಲ್ಲಿ ಮೇಷ್ಟ್ರು ದಡ್ಡಿ ಅಂದರು, ಅಪ್ಪ ಸ್ಕೂಲು ಬಿಡಿಸಿದ. ದಡ್ಡಿ ಆಗಿರಲಿಲ್ಲ. ಬೋರ್ಡು ಕಾಣುತ್ತಿರಲಿಲ್ಲ. ಅದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಎಲ್ಲರಿಗೂ ಅಷ್ಟೇ ಕಾಣುತ್ತೆ ಅಂದುಕೊಂಡಿದ್ದೆ. ಮದುವೆಯಾದ ಮೇಲೆ ಊಟಿಯಲ್ಲಿ ಒಬ್ಬ ಡಾಕ್ಟರು ಕನ್ನಡಕ ಕೊಟ್ಟರು. ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅದರ ಗಾಜು ದಪ್ಪ ಆಗುತ್ತಾ ಹೋಯಿತು. ಕೊನೆಗೆ ಸೋಡಾ ಬುಡ್ಡಿಯ ತಳ ಮೂಗಿಗೆ ಕಟ್ಟಿಕೊಂಡ ಹಾಗೆ ಇತ್ತು. ಬಿದ್ದುಹೋಗಬಾರದು ಅಂತ ಹಿಂದೆ ದಾರ ಕಟ್ಟಿಕೊಂಡಿದ್ದೆ.

ಕನ್ನಡಕ ಹಾಕಿಕೊಂಡು ಟೀ ತೋಟದಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ನಮ್ಮ ಕಡೆ ಮಂಜು ಹೇಳಿ ಕೇಳಿ ಬರಲ್ಲ. ಗಾಜಿನ ಮೇಲೆ ಕೂತರೆ ಮುಂದಿನ ಗಿಡ ಹೋಯಿತು. ಸೆರಗಲ್ಲಿ ಒರೆಸಬೇಕು, ಮತ್ತೆ ಕೂರುತ್ತೆ. ಕೈಯೆಲ್ಲ ಎಲೆಯ ಕರೆ, ಆ ಕರೆ ಗಾಜಿಗೆ ಹತ್ತಿದರೆ ಸೋಪು ಹಾಕಿದರೂ ಹೋಗಲ್ಲ. ಅದಕ್ಕೆ ನಾನು ಮಂಜು ಬಂದ ತಕ್ಷಣ ಕನ್ನಡಕ ತೆಗೆದು ರವಿಕೆಯೊಳಗೆ ಇಟ್ಟುಬಿಡುತ್ತಿದ್ದೆ. ಬರಿಗಣ್ಣಿಗೆ ಗೇಣು ದೂರದ್ದು ಚೆನ್ನಾಗಿ ಕಾಣುತ್ತಿತ್ತು. ಮುಖವನ್ನು ಗಿಡದ ಮೇಲೆ ಇಟ್ಟು ಕೀಳುತ್ತಿದ್ದೆ. ಎರಡೆಲೆ, ಒಂದು ಕುಡಿ. ಮೂವತ್ತು ವರ್ಷ ಹಾಗೇ ಕಿತ್ತೆ. ಪಕ್ಕದ ತೋಟದ ಹೆಂಗಸರು ನನ್ನನ್ನು ಗಿಡದ ಜೊತೆ ಗುಟ್ಟು ಮಾತಾಡೋಳು ಅಂತ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ.

ಆಮೇಲೆ ಆ ಗೇಣೂ ಹೋಯಿತು. ಕಣ್ಣಿಗೆ ಪೊರೆ ಬಂದಿತ್ತು. ಎಳೆಯ ಹಸಿರೂ ಬಲಿತ ಹಸಿರೂ ಒಂದೇ ಥರ, ಎಲ್ಲದಕ್ಕೂ ಅರಿಶಿನ ಕಲಸಿದ ಹಾಗೆ. ನಾನು ಬೆರಳಿನಲ್ಲೇ ತಿಳಿಯುತ್ತೆ ಅಂತ ನಂಬಿಕೊಂಡು ಕೀಳುತ್ತಿದ್ದೆ. ಬೆರಳಿಗೂ ವಯಸ್ಸಾಗಿತ್ತು. ಅದು ನನಗೆ ಹೇಳಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಟೀ ರೇಟು ಬಿದ್ದಿತ್ತು. ರೇಟು ಬಿದ್ದಾಗ ಫ್ಯಾಕ್ಟರಿಯವರಿಗೆ ಎಲೆಯಲ್ಲಿ ತಪ್ಪು ಕಾಣುವುದು ಜಾಸ್ತಿ. ಶೆಡ್ಡಿನಲ್ಲಿ ತೂಕ ಹಾಕುವವನು ನನ್ನ ಮೂಟೆಗೆ ಮೊಣಕೈವರೆಗೆ ಕೈ ಬಿಟ್ಟು ತಳದಿಂದ ಒಂದು ಹಿಡಿ ತೆಗೆದ. ತಟ್ಟೆಯ ಮೇಲೆ ಹರಡಿದ. ಸಾಲಿನಲ್ಲಿ ಊರಿನ ಹೆಂಗಸರೆಲ್ಲ ನಿಂತಿದ್ದರು.

"ಪಾಟಿ, ಇದು ಎಲೆ ಕಿತ್ತಿದ್ದಾ, ಬೇಲಿ ಸವರಿದ್ದಾ?" ಅಂದ. ಪಾಟಿ ಅಂದರೆ ತಮಿಳಲ್ಲಿ ಅಜ್ಜಿ.

ಹಿಂದೆ ಯಾರೋ ನಕ್ಕರು. ನಾನು ಮೂಟೆ ಕಟ್ಟಿ ತಲೆ ಮೇಲೆ ಇಟ್ಟುಕೊಂಡು ಬಂದುಬಿಟ್ಟೆ. ದಾರಿಯಲ್ಲಿ ಹಸುವಿಗೆ ಹಾಕೋಣ ಅಂದರೆ ಹಸುವೂ ಟೀ ಎಲೆ ತಿನ್ನಲ್ಲ.

ರಾತ್ರಿ ಊಟಕ್ಕೆ ಕೂತಾಗ ಮಗ ಅಂದ, "ಸಾಕು ಬುಡವ್ವ. ಇನ್ನು ಮನೇಲಿ ಕೂತ್ಕೊ. ನಾನು ಕತ್ತರಿ ತರ್ತೀನಿ."

ಕತ್ತರಿ ಅಂದರೆ ಎರಡು ಕೈಯಲ್ಲಿ ಹಿಡಿಯುವ ಉದ್ದ ಕತ್ತರಿ, ಕೆಳಗೆ ಚೀಲ ಕಟ್ಟಿರುತ್ತೆ. ಆಗ ತಾನೇ ನಮ್ಮ ಕಡೆ ಬರುತ್ತಿತ್ತು. ಅದಕ್ಕೆ ಕುಡಿಯೂ ಒಂದೇ, ಕಡ್ಡಿಯೂ ಒಂದೇ. ಒಂದು ದಿನದಲ್ಲಿ ತೋಟ ಪೂರ್ತಿ ಬೋಳಿಸಬಹುದು. ಅಂಥ ಎಲೆಯನ್ನೂ ಕಮ್ಮಿ ರೇಟಿಗೆ ತೆಗೆದುಕೊಳ್ಳುವ ಫ್ಯಾಕ್ಟರಿ ಇತ್ತು.

"ನನ್ನ ಗಿಡಕ್ಕೆ ಕತ್ತರಿ ಮುಟ್ಟಿಸಬೇಡ," ಅಂದೆ.

"ನಿನಗೆ ಗಿಡಾನೇ ಕಾಣಲ್ವಲ್ಲವ್ವ."

"ಕಾಣೋ ಹಾಗೆ ಮಾಡಿಸ್ಕೋತೀನಿ."

ಸೊಸೆ ಸಾರು ಬಡಿಸುತ್ತಾ, "ಮಾಡಿಸ್ಕೊಳ್ಳಿ ಅತ್ತೆ. ಮನೇಲಿ ಕೂತರೆ ನನ್ನ ತಲೆ ತಿಂತೀರ," ಅಂದಳು. ಅವಳು ನನ್ನ ಹಾಗೇ, ಮನಸ್ಸಲ್ಲಿ ಇಟ್ಟುಕೊಳ್ಳಲ್ಲ.

ಕೊಯಮತ್ತೂರಿನಲ್ಲಿ ಕಣ್ಣಿನ ಆಸ್ಪತ್ರೆ. ಮಗನ ವ್ಯಾನಿನಲ್ಲೇ ಮೂವರೂ ಹೋದೆವು. ನಾನು ಸ್ವೆಟರು ಹಾಕಿಕೊಂಡೇ ಇಳಿದೆ, ಅಲ್ಲಿ ಬೆಂಕಿ ಸುರಿಯುತ್ತಿತ್ತು. ಡಾಕ್ಟರು ಹುಡುಗಿ, ನನ್ನ ಮಗನಿಗಿಂತ ಚಿಕ್ಕವಳಿರಬೇಕು. ಕಣ್ಣಿಗೆ ಮರಗಟ್ಟುವ ಔಷಧ ಬಿಟ್ಟು ಪೆನ್ನಿನಂಥದ್ದನ್ನು ಕಣ್ಣಿಗೇ ತಾಗಿಸಿ ಅಳತೆ ತೆಗೆದಳು. ಆಮೇಲೆ ಹೇಳಿದಳು, ಪೊರೆ ತೆಗೆದು ಒಳಗೆ ಲೆನ್ಸು ಇಡುತ್ತೇವೆ, ಲೆನ್ಸಿಗೆ ನಂಬರು ಇದೆ, ಸರಿಯಾದ ನಂಬರು ಇಟ್ಟರೆ ಈ ಬುಡ್ಡಿ ಕನ್ನಡಕ ಇನ್ನು ಬೇಡ.

"ಪಾಟಿ, ದೂರದ್ದು ಕಾಣಬೇಕಾ, ಹತ್ತಿರದ್ದು ಕಾಣಬೇಕಾ? ಎರಡೂ ಒಂದೇ ಲೆನ್ಸಲ್ಲಿ ಬರಲ್ಲ. ಒಂದಕ್ಕೆ ಕನ್ನಡಕ ಹಾಕ್ಕೋಬೇಕಾಗುತ್ತೆ."

"ದೂರದ್ದು ಹಾಕಿ," ಅಂದ ಮಗ.

"ಕಣ್ಣು ಯಾರದು?" ಅಂದೆ.

"ಎಲ್ಲರೂ ದೂರದ್ದೇ ಹಾಕಿಸ್ಕೋತಾರೆ ಪಾಟಿ," ಅಂದಳು ಡಾಕ್ಟರಮ್ಮ. "ಹತ್ತಿರಕ್ಕೆ, ಓದೋಕೆ ಬರೆಯೋಕೆ, ತೆಳ್ಳನೆ ಕನ್ನಡಕ ಕೊಡ್ತೀವಿ."

"ನಾನು ಓದಲ್ಲ. ನಂಗೆ ಕೈಯಳತೆ ಬೇಕು."

ಅವಳಿಗೆ ತಿಳಿಯಲಿಲ್ಲ. ನಾನು ಎದ್ದು ನಿಂತು ಅವಳ ಮೇಜನ್ನೇ ಟೀ ಗಿಡ ಮಾಡಿ ಎಲೆ ಕೀಳುವುದನ್ನು ತೋರಿಸಿದೆ. "ಇಲ್ಲಿ ಕಾಣಬೇಕು. ಕನ್ನಡಕ ಇಲ್ಲದೆ. ಮಂಜಲ್ಲಿ."

ಮಗನಿಗೆ ನಾಚಿಕೆಯಾಯಿತು. "ಅವ್ವ, ದೂರದ್ದು ಕಾಣದಿದ್ರೆ ತೋಟಕ್ಕೆ ಕಾಡೆಮ್ಮೆ ಬಂದದ್ದು ಹೆಂಗೆ ಗೊತ್ತಾಗುತ್ತೆ?"

"ಇಷ್ಟು ವರ್ಷ ಹೆಂಗೆ ಗೊತ್ತಾಯ್ತೋ ಹಂಗೆ. ಕಾಡೆಮ್ಮೆ ಕಾಣೋಕೆ ಲೆನ್ಸು ಬೇಕಾ? ಅದೇನು ಸೊಳ್ಳೆಯಾ?"

ಡಾಕ್ಟರಮ್ಮ ನಕ್ಕು, ಪೆನ್ನು ಕೆಳಗಿಟ್ಟಳು. ಅಲ್ಲಿಯವರೆಗೆ ನಗುವವಳ ಹಾಗೆ ಕಂಡಿರಲಿಲ್ಲ. "ನಡು ದೂರಕ್ಕೂ ಇಡಬಹುದು. ಆದರೆ ಎಷ್ಟು ದೂರ ಅಂತ ನನಗೆ ಬೇಕು. ಮುಂದಿನ ವಾರ ಬರುವಾಗ ಅಳತೆ ಮಾಡ್ಕೊಂಡು ಬನ್ನಿ," ಅಂದಳು. ಒಬ್ಬ ಡಾಕ್ಟರು ನನ್ನ ಮಾತು ಪೂರ್ತಿ ಕೇಳಿದ್ದು ಅದೇ ಮೊದಲು.

ಊರಿಗೆ ಬಂದು ಮಾರನೇ ದಿನವೇ ಸೊಸೆಯನ್ನು ತೋಟಕ್ಕೆ ಕರೆದುಕೊಂಡು ಹೋದೆ. ಕನ್ನಡಕದ ದಾರ ಬಿಚ್ಚಿದೆ. ಒಂದು ತುದಿಯನ್ನು ನನ್ನ ಕಣ್ಣಿನ ಪಕ್ಕ ಹಿಡಿದುಕೊಂಡೆ, ಅವಳು ಇನ್ನೊಂದು ತುದಿಯನ್ನು ಕೆಳಗೆ ಇಳಿಬಿಟ್ಟು ಗಿಡದ ತಲೆಗೆ ತಾಗಿದ ಕಡೆ ಗಂಟು ಹಾಕಿದಳು. ಮುಂದಿನ ವಾರ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗಂಟಿನವರೆಗೆ ದಾರವನ್ನು ಟೇಪು ಇಟ್ಟು ಅಳೆದು, ಏನೋ ಲೆಕ್ಕ ಹಾಕಿ, ಬರೆದುಕೊಂಡಳು. ಆಪರೇಷನ್ ಬಲಗಣ್ಣಿಗೆ ಮೊದಲು, ಎಡಗಣ್ಣಿಗೆ ಆಮೇಲೆ ಅಂದಳು.

ಆಪರೇಷನ್ನಿನ ಬಗ್ಗೆ ಹೇಳುವುದೇನೂ ಇಲ್ಲ. ನೋವಾಗಲಿಲ್ಲ. ಮುಖದ ಮೇಲೆ ಬಟ್ಟೆ, ಅದರಲ್ಲಿ ಒಂದು ತೂತು, ತೂತಿನಲ್ಲಿ ಬೆಳಕು. ಯಾರೋ ಇಬ್ಬರು ಮಧ್ಯಾಹ್ನದ ಊಟದ ಬಗ್ಗೆ ಮಾತಾಡುತ್ತಿದ್ದರು. ಮುಗಿಯಿತು ಅಂದರು.

ಕಷ್ಟ ಆಮೇಲೆ. ಒಂದು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು, ಒಲೆ ಹೊಗೆ ಬೇಡ, ತಲೆಗೆ ನೀರು ಬೇಡ. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದೆ. ಎರಡನೇ ವಾರ ಒಂದು ಬೆಳಗ್ಗೆ ತೋಟದಿಂದ ಕಚ್ಚ್ ಕಚ್ಚ್ ಅಂತ ಸದ್ದು ಬಂತು. ಕುರಿ ಉಣ್ಣೆ ಕತ್ತರಿಸುವ ಹಾಗೆ.

ಎದ್ದು ಹೋದೆ. ಮಗ ಮೇಲಿನ ಸಾಲಿನಲ್ಲಿ ಕತ್ತರಿ ಆಡಿಸುತ್ತಿದ್ದ. ಅಷ್ಟು ಹೊತ್ತಿಗೆ ಒಂದು ಸಾಲು ಬೋಳಾಗಿತ್ತು. ಕಡ್ಡಿ ಕಡ್ಡಿ.

"ಎಲೆ ಬಲಿತು ಹೋಗ್ತಿದೆ ಕಣವ್ವ," ಅಂದ. ಅದು ಸುಳ್ಳಲ್ಲ. ಕೀಳದೆ ಬಿಟ್ಟರೆ ಗಿಡ ಕಾಯಲ್ಲ.

ನಾನು ಅವನ ಮುಂದಿನ ಗಿಡದ ಹತ್ತಿರ ಹೋಗಿ ನಿಂತೆ. ಸರಿಯುವುದಾದರೆ ಅವನೇ ಸರಿಯಬೇಕು. "ಇನ್ನು ಎರಡು ವಾರ. ಅಲ್ಲಿವರೆಗೆ ನಿನ್ನ ಹೆಂಡತಿ ಕೈಯಲ್ಲಿ ಕಿತ್ತಷ್ಟು ಕೀಳಲಿ. ಆಮೇಲೆ ನಾನು ಕಿತ್ತ ಮೂಟೆ ಒಂದೇ ಒಂದು ಸಲ ವಾಪಸ್ ಬಂದರೂ ಕತ್ತರಿಗೆ ನಾನೇ ಸಾಣೆ ಹಿಡಿಸಿ ಕೊಡ್ತೀನಿ."

"ಮಾತು ತಪ್ಪಬಾರದು."

"ನಾನ್ಯಾವಾಗ ತಪ್ಪಿದ್ದೀನಿ?"

ಅವನು ಯೋಚನೆ ಮಾಡಿದ. ಮಾಡಿ, ಕತ್ತರಿ ಹೆಗಲ ಮೇಲೆ ಇಟ್ಟುಕೊಂಡು ಹೋದ.

ತಿಂಗಳು ತುಂಬಿದ ಮೇಲೆ ಬುಟ್ಟಿ ಬೆನ್ನಿಗೆ ಹಾಕಿಕೊಂಡು ಇಳಿದೆ. ಮಂಜು ಇತ್ತು. ಮುಖದ ಮೇಲೆ ಏನೂ ಇರಲಿಲ್ಲ, ಗಾಳಿ ಸೀದಾ ಕಣ್ಣಿಗೆ ತಾಗಿತು. ಆ ಬಲಗಣ್ಣಿಗೆ ಹಸಿರು ಹಸಿರಾಗೇ ಇತ್ತು, ಅರಿಶಿನ ಹೋಗಿತ್ತು. ಮೊದಲ ಗಿಡದ ಮೇಲೆ ಬಗ್ಗಿದೆ, ಮೂವತ್ತು ವರ್ಷ ಬಗ್ಗಿದ ಹಾಗೆ.

ಏನೂ ಕಾಣಲಿಲ್ಲ. ಎಲೆ, ಕುಡಿ, ನನ್ನ ಬೆರಳು, ಎಲ್ಲ ಕಲಸಿಕೊಂಡಿತ್ತು. ಕಣ್ಣು ಉಜ್ಜಬಾರದು ಅಂದಿದ್ದರು, ಉಜ್ಜಲಿಲ್ಲ. ಇನ್ನೂ ಹತ್ತಿರ ಬಗ್ಗಿದೆ. ಇನ್ನೂ ಕೆಟ್ಟಿತು. ದೂರದ್ದೂ ಬೇಡ ಅಂದು, ಅಷ್ಟಿಷ್ಟು ಉಳಿದಿದ್ದ ಗೇಣನ್ನೂ ಕೊಟ್ಟು ಬಂದೆನಲ್ಲ ಅನ್ನಿಸಿತು. ಶೆಡ್ಡಿನ ತಟ್ಟೆ ನೆನಪಾಯಿತು, ಕತ್ತರಿ ನೆನಪಾಯಿತು. ಮಾತು ಬೇರೆ ಕೊಟ್ಟಿದ್ದೆ.

ಸೊಸೆ ಹಾಲು ಕರೆದು ಅದೇ ದಾರಿಯಲ್ಲಿ ಬರುತ್ತಿದ್ದಳು. ನಿಂತು ನೋಡಿದಳು. "ಯಾಕತ್ತೆ, ಹಂಗೇ ಇದ್ದೀರ?"

"ಕಾಣ್ತಿಲ್ಲ."

ಅವಳು ಚೆಂಬು ಕೆಳಗಿಟ್ಟಳು. ಸ್ವಲ್ಪ ಹೊತ್ತು ನನ್ನನ್ನೂ ಗಿಡವನ್ನೂ ನೋಡಿದಳು. ಆಮೇಲೆ ನಗೋಕೆ ಶುರು ಮಾಡಿದಳು. "ಅತ್ತೆ, ಅವತ್ತು ಅಳತೆ ಕೊಡುವಾಗ ನೀವು ನೆಟ್ಟಗೆ ನಿಂತ್ಕೊಂಡಿದ್ರಿ. ಟೈಲರಿಗೆ ರವಿಕೆ ಅಳತೆ ಕೊಡೋ ಹಂಗೆ."

ಹೌದು. ಅಳತೆ ಅಂದರೆ ಯಾರಾದರೂ ನೆಟ್ಟಗೇ ನಿಲ್ಲುತ್ತಾರೆ. ಎಲೆ ಕೀಳುವಾಗ ನಾನು ಯಾವತ್ತೂ ಹಾಗೆ ನಿಂತಿರಲಿಲ್ಲ. ಇಬ್ಬರಿಗೂ ಹೊಳೆದಿರಲಿಲ್ಲ.

ಸೊಂಟಕ್ಕೆ ಕೈ ಕೊಟ್ಟು ನೆಟ್ಟಗೆ ನಿಂತೆ. ಎಲೆ ಕಂಡಿತು. ಒಂದೊಂದು ಕುಡಿಯೂ ಬೇರೆ ಬೇರೆ, ಕುಡಿಯ ಬೆನ್ನಿನ ಬೆಳ್ಳಗಿನ ಕೂದಲು ಸಮೇತ. ಬಗ್ಗಿದರೆ ಹೋಯಿತು, ನಿಂತರೆ ಬಂತು. ಎರಡು ಮೂರು ಸಲ ಹಾಗೆ ಮಾಡಿ ನೋಡಿದೆ. ಆಮೇಲೆ ತಲೆ ಎತ್ತಿಕೊಂಡೇ, ಕೈ ಮಾತ್ರ ಇಳಿಸಿ ಕೀಳೋಕೆ ಶುರು ಮಾಡಿದೆ. ಮೊದಲ ವಾರ ಬೆನ್ನು ಸತ್ತುಹೋಯಿತು. ಅಷ್ಟು ವರ್ಷ ಬಗ್ಗಿದ ಬೆನ್ನಿಗೆ ನೆಟ್ಟಗಿರುವುದು ನೋವು. ಪಕ್ಕದ ತೋಟದವರು, "ಏನಿವಳು, ಮೇಸ್ತ್ರಿ ಥರ ನಿಂತವಳೆ," ಅಂದರು. ಮೇಸ್ತ್ರಿ ನಿಂತು ಆಳುಗಳ ಕೈಲಿ ಕೀಳಿಸುತ್ತಾನೆ, ತಾನು ಕೀಳಲ್ಲ, ನಾನು ಕೀಳುತ್ತೇನೆ ಅಂದೆ.

ಆ ಶನಿವಾರ ಮೂಟೆ ಹೊತ್ತು ಶೆಡ್ಡಿಗೆ ಹೋದೆ. ಮಗ ವ್ಯಾನ್ ನಿಲ್ಲಿಸಿಕೊಂಡು ರಸ್ತೆಯಲ್ಲೇ ಕಾದಿದ್ದ, ಬೇರೆ ಕೆಲಸ ಇದ್ದವನ ಹಾಗೆ. ತೂಕದವನು ಮೊಣಕೈವರೆಗೆ ಕೈ ಬಿಟ್ಟು ತೆಗೆದು ಹರಡಿದ. ಬೆರಳಿಂದ ಕೆದಕಿದ. ಮತ್ತೆ ಕೈ ಬಿಟ್ಟ, ಇನ್ನೊಂದು ಹಿಡಿ ತೆಗೆದ. ನಾನು ಬಗ್ಗದೆ, ನಿಂತಲ್ಲಿಂದಲೇ ಅವನ ತಟ್ಟೆ ನೋಡಿದೆ. ಎಲೆ ಎಲೆಯೂ ಕಾಣುತ್ತಿತ್ತು.

"ಬಲಿತದ್ದು ಇದ್ದರೆ ತೋರಿಸು," ಅಂದೆ.

"ಪಾಟಿ ಯಾರ ಕೈಲಿ ಕೀಳಿಸಿದ್ರಿ?"

"ನನ್ನ ಕೈಲಿ."

ಮೂಟೆ ಒಳಗೆ ಎಸೆದ. ಆಮೇಲೆ ನನ್ನ ಮೂಟೆ ವಾಪಸ್ ಬಂದಿಲ್ಲ. ಮಗ ಕತ್ತರಿಯಲ್ಲಿ ಈಗ ದಾರಿ ಬದಿಯ ಬೇಲಿ ಸವರುತ್ತಾನೆ. ಅದಕ್ಕೆ ಅದು ಸರಿಯಾದ ಸಾಮಾನು.

ಬಸ್ಸಿನ ಬೋರ್ಡು ನೋಡಲು ನನಗೆ ಇನ್ನೂ ಒಂದು ತೆಳ್ಳನೆ ಕನ್ನಡಕ ಬೇಕು. ಆಪರೇಷನ್ ಮಾಡಿಸಿಕೊಂಡೂ ಕನ್ನಡಕವಾ ಅಂತ ನೆಂಟರು ಕೇಳುತ್ತಾರೆ. ಬಸ್ಸು ಎಲ್ಲಿಗೆ ಹೋಗುತ್ತೆ ಅಂತ ಯಾರನ್ನಾದರೂ ಕೇಳಬಹುದು. ನನ್ನ ಎಲೆಯನ್ನು ಇನ್ನೊಬ್ಬರ ಕಣ್ಣಲ್ಲಿ ನೋಡೋಕೆ ಆಗಲ್ಲ.

ಮುಂದಿನ ಬೇಸಿಗೆಯಲ್ಲಿ ಎಡಗಣ್ಣಿಗೆ ದಿನ ಕೊಟ್ಟರು. ಸೊಸೆ ಅದೇ ದಾರ ಹುಡುಕಿ ತಂದಳು. "ಈ ಸಲನಾದ್ರೂ ಬಗ್ಗಿ ಅಳತೆ ಕೊಡಿ ಅತ್ತೆ. ಒಂದು ಕಣ್ಣಾದ್ರೂ ಮೊದಲಿನ ಹಂಗೆ ಕೀಳೋಕೆ ಆಗಲಿ."

ದಾರದ ತುದಿಯನ್ನು ಕಣ್ಣಿನ ಪಕ್ಕ ಹಿಡಿದುಕೊಂಡು ನಾನು ಗಿಡದ ಮುಂದೆ ನೆಟ್ಟಗೆ ನಿಂತೆ.

"ಹಳೇ ಗಂಟು ಗಿಡದ ತಲೆಗೇ ತಾಗುತ್ತಾ ನೋಡು," ಅಂದೆ.