ಕಸದ ಗಾಡಿಯ ರಾಕ್ ಹಾಡು

ನಮ್ಮ ಹಾಡು ಶುರುವಾದರೆ ಅತ್ತಿಗುಪ್ಪೆಯ ನಮ್ಮ ಬೀದಿಯಲ್ಲಿ ಒಬ್ಬರೂ ಮನೆಯೊಳಗೆ ಕೂರುವುದಿಲ್ಲ ಎಂದು ಕಂಡಕಂಡವರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ಮಾತು ನಿಜವೇ. ಹೊರಗೆ ಬರುವವರ ಕೈಯಲ್ಲಿ ಕಸದ ಬಕೆಟ್ ಇರುತ್ತದೆ ಎಂಬುದನ್ನಷ್ಟೇ ನುಂಗಿಕೊಳ್ಳುತ್ತಿದ್ದೆ.

ನಮ್ಮದು ಮೂವರ ರಾಕ್ ತಂಡ. ಹಾಡುವವನು ಮಂಜ, ಸುಂಕದಕಟ್ಟೆಯಲ್ಲಿ ಅವನಿಗೆ ಟೈಲ್ಸ್ ಅಂಗಡಿ. ಡ್ರಮ್ಮಿಗೆ ಲೋಕಿ. ಗಿಟಾರಿಗೆ ನಾನು, ಸೊಂಟನೋವಿನ ವಿಮಾ ನೌಕರ. ನಮಗಿರುವುದು ಒಂದೇ ಜನಪ್ರಿಯ ಹಾಡು, ‘ಕಬ್ಬಿಣದ ಕನಸು’. ಅದರ ಕೊನೆಯಲ್ಲಿ ಮೂರು ನಿಮಿಷ ನಾನೊಬ್ಬನೇ ಗಿಟಾರ್ ನುಡಿಸುತ್ತೇನೆ. ಅದಕ್ಕಾಗಿ ತಾರಸಿಯ ಮೇಲೆ ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಒಂದು ವರ್ಷ ತಿಣುಕಿದ್ದೇನೆ.

ಹಾಡು ಜನಪ್ರಿಯವಾದದ್ದು ಕಸದ ಗಾಡಿಯ ಮುನಿರಾಜುವಿನಿಂದ. “ರೇಡಿಯೊದವ್ರು ಹಾಕಲ್ಲ ಅಂದ್ರೆ ಬಿಡು ಗುರು, ಇವನು ದಿನಾ ಮನೆಮನೆ ಮುಂದೆ ಹಾಕ್ತಾನೆ,” ಎಂದು ಮಂಜ ಅವನಿಗೆ ಪೆನ್‌ಡ್ರೈವ್ ಕೊಟ್ಟುಬಿಟ್ಟ. ಗಾಡಿಯ ಮಾಮೂಲಿ ಸ್ವಚ್ಛತೆಯ ಹಾಡು ಕೇಳಿ ಕೇಳಿ ಮುನಿರಾಜುವಿಗೂ ಸಾಕಾಗಿತ್ತು.

ಒಂದೇ ತಿಂಗಳಲ್ಲಿ ಎಳೆಯ ಮಕ್ಕಳಿಗೂ ಪಲ್ಲವಿ ಬಾಯಿಪಾಠ. ಆದರೆ ನಾಲ್ಕು ಮನೆಗೊಮ್ಮೆ ಅವನು ಗಾಡಿ ಬಂದ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗಲೆಲ್ಲ ಹಾಡು ಮೊದಲಿನಿಂದ ಶುರುವಾಗುತ್ತದೆ. ಹೀಗಾಗಿ ನನ್ನ ಮೂರು ನಿಮಿಷವನ್ನು ಈ ಭೂಮಿಯ ಮೇಲೆ ಕೇಳಿದವರು ನಾವು ಮೂವರು ಮತ್ತು ನೀರಿನ ಟ್ಯಾಂಕ್. ಹೆಂಡತಿ ಕೂಡ ಸರಿಯಾಗಿ ಆ ಹೊತ್ತಿಗೆ ಮಿಕ್ಸಿ ಹಾಕುತ್ತಾಳೆ.

ಆದ್ದರಿಂದ ಈ ಸಲದ ರಾಜ್ಯೋತ್ಸವದ ಸಂಜೆ, ಬೀದಿಯ ಕೊನೆಯ ಶಾಮಿಯಾನದಲ್ಲಿ ನಮಗೆ ಹಾಡುವ ಅವಕಾಶ ಸಿಕ್ಕಿದಾಗ, ಒಮ್ಮೆಯಾದರೂ ಜನ ಕೊನೆಯವರೆಗೆ ಕೇಳಲಿ ಎಂದು ಮನೆದೇವರಿಗೆ ಹರಕೆ ಹೊತ್ತೆ. ಕುರ್ಚಿಗಳೆಲ್ಲ ಭರ್ತಿ. ಲೋಕಿ ಡ್ರಮ್ ಬಡಿದ, ಮಂಜ ಬಾಯಿ ತೆರೆದ.

ಗಂಟೆ ಹೊಡೆದರೆ ನಾಯಿಗೆ ಜೊಲ್ಲು ಸುರಿಯುತ್ತದೆಂದು ಎಲ್ಲೋ ಓದಿದ್ದೆ. ನಾಯಿಯೇ ಏಕೆ, ಗುಡಿಯ ಗಂಟೆ ಕೇಳಿದರೆ ಬಸ್ಸಿನಲ್ಲಿ ನಿಂತವರ ಕೈಯೂ ಎದೆ ಮುಟ್ಟುತ್ತದೆ. ಮೊದಲ ಸಾಲಿನಲ್ಲಿದ್ದ ನಮ್ಮ ಎದುರುಮನೆಯ ಜಯಮ್ಮ ಆಂಟಿ ದಡಬಡಿಸಿ ಎದ್ದು ಮನೆಯತ್ತ ಓಡಿದರು. ಅವರ ಹಿಂದೆ ಸಾಲಿಗೆ ಸಾಲೇ ಎದ್ದಿತು. ಅರ್ಧ ನಿಮಿಷದಲ್ಲಿ ಉಳಿದದ್ದು ಖಾಲಿ ಕುರ್ಚಿಗಳು ಮತ್ತು ಮುನಿರಾಜು. ಸುಳ್ಳೇಕೆ ಹೇಳಲಿ, ನನ್ನ ಕಣ್ಣು ತುಂಬಿ ಬಂತು.

ಮಂಜ ಹಾಡು ನಿಲ್ಲಿಸಲಿಲ್ಲ. ಎರಡನೇ ಚರಣಕ್ಕೆ ಎಲ್ಲರೂ ಬಕೆಟ್ ಸಮೇತ ವಾಪಸ್ ಬಂದರು, ಒಂದು ಕೈಯಲ್ಲಿ ಹಸಿ ಕಸ, ಇನ್ನೊಂದರಲ್ಲಿ ಒಣ ಕಸ. ಗಾಡಿ ಕಾಣದೆ, ಬಕೆಟ್ ಹಿಡಿದು ಕುರ್ಚಿಯಲ್ಲಿ ಕೂರಲೂ ನಾಚಿಕೆಯಾಗಿ, ವೇದಿಕೆಯ ಮುಂದೆಯೇ ನಿಂತರು. ಅಷ್ಟರಲ್ಲಿ ನನ್ನ ಮೂರು ನಿಮಿಷ ಬಂತು. ಕಣ್ಣು ಮುಚ್ಚಿ ನುಡಿಸಿದೆ.

ಮುಗಿದಾಗ ಜಯಮ್ಮ ಆಂಟಿ ಬಕೆಟ್ ಕೆಳಗಿಟ್ಟರು. “ಇಷ್ಟುದ್ದ ಇದ್ಯೇನಪ್ಪ ಈ ಹಾಡು? ಪೂರ್ತಿ ಹಾಕಿದ್ರೆ ನಾನ್ಯಾಕೆ ದಿನಾ ಓಡ್ಬೇಕಿತ್ತು?”

“ನಾಳೆಯಿಂದ ಹಾಕ್ತೀನಿ ಬಿಡಿ ಆಂಟಿ,” ಎಂದ ಮುನಿರಾಜು.

ಮಾತಿಗೆ ತಪ್ಪಲಿಲ್ಲ. ಮರುದಿನ ಬೆಳಗ್ಗೆ ನಾನು ಕಸ ಸುರಿದ ಮೇಲೂ ಗಾಡಿ ಬಂದ್ ಮಾಡದೆ, ಮುಂದಕ್ಕೂ ಬಿಡದೆ, ನನ್ನನ್ನೇ ನೋಡಿ ನಗುತ್ತಾ ನಿಂತ. ಹಿಂದೆ ಸಿಕ್ಕಿಕೊಂಡ ಸ್ಕೂಲ್ ವ್ಯಾನ್ ಹಾರ್ನ್ ಬಡಿಯುತ್ತಿತ್ತು. ಆಫೀಸಿಗೆ ಹೊತ್ತಾಗಿದ್ದರೂ ಗಾಡಿಯಲ್ಲಿ ನನ್ನದೇ ಗಿಟಾರ್ ಮೊಳಗುತ್ತಿರುವಾಗ ಬಿಟ್ಟು ಒಳಗೆ ಹೋಗುವುದು ಹೇಗೆ? ಮೂರು ನಿಮಿಷ ಎಷ್ಟು ಉದ್ದವೆಂಬುದು ನುಡಿಸುವವನಿಗೆ ತಿಳಿಯುವುದಿಲ್ಲ, ಖಾಲಿ ಬಕೆಟ್ ಹಿಡಿದು ನಿಂತವನಿಗೆ ತಿಳಿಯುತ್ತದೆ. ಆ ವಾರವೇ ಅದನ್ನು ಒಂದು ನಿಮಿಷಕ್ಕೆ ಇಳಿಸಿ, ಹೊಸ ಪೆನ್‌ಡ್ರೈವನ್ನು ನಾನೇ ಮುನಿರಾಜುವಿಗೆ ಕೊಟ್ಟು ಬಂದೆ.