ಮಾವನವರೊಡನೆ ಮೊಸಳೆ ದರ್ಶನ

ಕಚ್ಚೆಪಂಚೆಯೆಂಬುದು ಸಭೆಗೆ, ಸಮಾರಂಭಕ್ಕೆ, ಬೀಗರೂಟಕ್ಕೆ ಭೂಷಣವಾದರೂ ಮರ ಹತ್ತುವುದಕ್ಕೆ ಅಷ್ಟು ಪ್ರಶಸ್ತವಾದುದಲ್ಲ. ಈ ಸತ್ಯವನ್ನು ನಾನು ಯಾವ ಶಾಸ್ತ್ರದಲ್ಲೂ ಓದಿದವನಲ್ಲ. ಕಾವೇರಿಯ ನಡುಗಡ್ಡೆಯಲ್ಲಿ, ಮಾವನವರ ಸಮ್ಮುಖದಲ್ಲಿ, ಅರ್ಧ ಮಾನವನ್ನು ಕೊಂಬೆಗೆ ಒಪ್ಪಿಸಿ ಕಲಿತವನು.

ಆಗ ನಾನು ಮಾಗಡಿಯಲ್ಲಿ ಮೇಷ್ಟರು. ಹೆರಿಗೆಗೆಂದು ಕಾನಕಾನಹಳ್ಳಿಯ ತವರಿಗೆ ಹೋದ ಹೆಂಡತಿ ಗೌರಮ್ಮ ಹಿಂತಿರುಗಿರಲಿಲ್ಲ. ಕರೆಯಲು ಹೋದಾಗಲೆಲ್ಲ ರಾಗಿ ವ್ಯಾಪಾರದ ನನ್ನ ಮಾವ ಬಸಪ್ಪನವರು, "ಬಾಣಂತಿ ಅಳಿಯಂದ್ರೇ, ಗಾಡಿ ಕುಲುಕಾಟ, ತಣ್ಣನೆ ಗಾಳಿ. ಒಸಿ ತಡೀರಿ" ಎನ್ನುವರು. ಮಗುವಿಗೆ ಹಲ್ಲು ಮೂಡಿ, ಅದು ಅಜ್ಜನ ಮೀಸೆ ಹಿಡಿದು ಎದ್ದು ನಿಲ್ಲುವಂತಾದರೂ ಅವರ ಪಂಚಾಂಗದಲ್ಲಿ ಬಾಣಂತನ ಮುಗಿದಿರಲಿಲ್ಲ. ನಾನೋ, ತರಗತಿಯಲ್ಲಿ ಸಿಂಹ, ಮಾವನ ಜಗಲಿಯಲ್ಲಿ ಮಾರ್ಜಾಲ.

ಆ ಬೇಸಿಗೆಯಲ್ಲಿ ನಾನು ಮತ್ತೆ ಹೋಗಿ ಬಾಯಿ ತೆರೆಯುವ ಮೊದಲೇ ಅವರು ಮಾತು ತೇಲಿಸಿ, ಅರ್ಕಾವತಿ ಕಾವೇರಿಯನ್ನು ಸೇರುವಲ್ಲಿನ ನಡುಗಡ್ಡೆಗೆ ಹೋಗಿ ಮೊಸಳೆ, ನೀರುನಾಯಿಗಳನ್ನು ನೋಡಿಬರೋಣವೆಂದರು. ಅದು ಅರಮನೆಯವರು ಕಾಯ್ದಿಟ್ಟ ಕಾಡು. ಅಪ್ಪಣೆಯಿಲ್ಲದೆ ಯಾರೂ ಕೋವಿ ಹಿಡಿಯುವಂತಿರಲಿಲ್ಲವಾದ್ದರಿಂದ ಅಲ್ಲಿನ ಪ್ರಾಣಿಗಳಿಗೆ ಭಯವಿರಲಿಲ್ಲ. ಭಯಪಡುವ ಹೊಣೆಯೆಲ್ಲ ನೋಡಲು ಹೋದವರದು.

ಹರಿಗೋಲಿನ ಕೆಂಚ ನಮ್ಮನ್ನು ದಾಟಿಸಿದ. ಇಳಿದೊಡನೆ ಮಾವನವರಿಗೆ ಎಲೆಯಡಿಕೆ ಚೀಲ ಗಾಡಿಯಲ್ಲೇ ಉಳಿದದ್ದು ನೆನಪಾಗಿ, ಅವನನ್ನು ಅದಕ್ಕಾಗಿ ಮರಳಿ ಅಟ್ಟಿದರು. ನಾವಿಬ್ಬರೂ ಹೊಳೆಮತ್ತಿ ಮರದ ನೆರಳಿನಲ್ಲಿ, ಮರಳಿನ ಒಂದು ಸುಖವಾದ ದಿಬ್ಬದ ಮೇಲೆ ವಿರಾಜಮಾನರಾದೆವು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಗೊಟರು ಗೊಟರು ಎಂಬ ಸದ್ದು ಕೇಳಿತು. ಅದು ಮಾವನವರ ಹೊಟ್ಟೆಯೆಂದು ಬಗೆದು ನಾನು ಗೌರವದಿಂದ ಆಕಾಶ ನೋಡಿದೆ. ಅವರು ಕನಿಕರದಿಂದ, "ಹಸಿವಾ ಅಳಿಯಂದ್ರೇ?" ಎಂದರು.

ಉತ್ತರ ಕೊಟ್ಟದ್ದು ಹೊಳೆ. ನೀರು ಸೀಳಿಕೊಂಡು, ನಮ್ಮ ಗಾಡಿಯಷ್ಟು ಉದ್ದದ ಮೊಸಳೆಯೊಂದು ನೇರವಾಗಿ ನಮ್ಮ ದಿಬ್ಬದ ಕಡೆಗೇ ನಡೆದು ಬಂತು. ಮರ ಹೇಗೆ ಹತ್ತಿದೆವೋ ಕೇಳಬೇಡಿ. ಮೊದಲು ಹತ್ತಿದವರು ಅರವತ್ತು ದಾಟಿದ ಮಾವನವರು. ಹತ್ತುವಾಗ ಅವರ ಪಾದ ನನ್ನ ತಲೆಯ ಮೇಲಿತ್ತು. ಮದುವೆಯ ದಿನ ನಾನು ಅವರ ಪಾದಕ್ಕೆ ತಲೆಯೊಡ್ಡಿದ್ದು ಇಷ್ಟು ಸಂಪೂರ್ಣವಾಗಿರಲಿಲ್ಲ. ಆಚೆ ದಡದಿಂದ ಕೆಂಚ ಕೂಗಿದ: "ಅಲ್ಲೇ ಇರಿ ಸಾಮಿ! ಅದು ಹೋದ್ಮ್ಯಾಲೆ ಬತ್ತೀನಿ!"

ಮೊಸಳೆ ನಮ್ಮತ್ತ ತಲೆಯೆತ್ತಿಯೂ ನೋಡಲಿಲ್ಲ. ನಾವು ಕುಳಿತಿದ್ದ ಮರಳನ್ನೇ ಕಾಲಿನಿಂದ ಕೆದಕಿತು. ಒಡೆದ ಮೊಟ್ಟೆಗಳ ನಡುವೆ ಗೇಣುದ್ದದ ಮರಿಗಳು ಗೊಟರುಗುಟ್ಟುತ್ತಿದ್ದವು. ಅದು ಬಾಯಿ ತೆರೆದು, ಒಂದೊಂದನ್ನೇ ಹಲ್ಲಿನ ಸಾಲಿನೊಳಗೆ ಎತ್ತಿಕೊಂಡಿತು.

"ಅಯ್ಯೋ, ಹೆತ್ತ ಮಕ್ಕಳ್ನೇ ತಿಂತಾವ್ಳಲ್ಲಪ್ಪಾ!" ಎಂದು ಮಾವನವರು ಕೂಗಿ, ತಲೆಯ ರುಮಾಲನ್ನೇ ಅದರತ್ತ ಎಸೆದರು. ರುಮಾಲು ಅದರ ಬೆನ್ನಿನ ಮೇಲೆ ಬಿತ್ತು. ಆ ತಾಯಿ ಕಾನಕಾನಹಳ್ಳಿಯ ಜರಿ ರುಮಾಲನ್ನು ಹೊತ್ತು, ಬಾಯಿ ಬಿಗಿದು, ಮೆಲ್ಲಗೆ ನೀರಿಗಿಳಿದು ದವಡೆ ತೆರೆಯಿತು. ಮರಿಗಳು ಒಂದೊಂದಾಗಿ ಈಜಿ ಹೊರಬಂದವು. ಒಂದಕ್ಕೂ ಗಾಯವಿರಲಿಲ್ಲ.

ಮತ್ತೆ ಬಂತು, ಮತ್ತೆ ಹೊತ್ತು ಹೋಯಿತು. ಮಾವನವರ ಕಣ್ಣು ಒದ್ದೆಯಾಗಿತ್ತು. ಕೊಂಬೆಯ ಇರುವೆಗಳೂ ಕಾರಣವಿರಬಹುದು. ಪ್ರೀತಿಗೆ ಇಂಥ ಮುಖವೂ ಇರುತ್ತದೆಂದು ಹರಿದ ಪಂಚೆಯಲ್ಲಿ ಕುಳಿತು ನಾನೂ ನೋಡಿದೆ.

ಸಂಜೆ ಮನೆ ಸೇರಿದಾಗ ಅತ್ತೆಯವರು ಗಂಡನ ಬರಿದಲೆ ಕಂಡು ಗಾಬರಿಯಾಗಿ, "ಏನ್ ನೋಡಿದ್ರಿ ಅಲ್ಲಿ?" ಎಂದರು.

"ಬಾಣಂತೀನ ಕಣೆ" ಎಂದರು ಮಾವ. "ಇವತ್ತೇ ಮಕ್ಕಳಾದ್ವು, ಇವತ್ತೇ ಎತ್ಕೊಂಡು ಹೊಂಟೇ ಹೋದ್ಳು. ನಮ್ಮ ಗೌರಿಗೇನಾಗೈತೆ? ನಾಳೆ ಗಾಡಿ ಕಟ್ಟಿಸ್ತೀನಿ."

ಒಳಗಿನಿಂದ ಗೌರಮ್ಮ ಟ್ರಂಕು ಎಳೆಯುವ ಸದ್ದು ಕೇಳಿತು. ಒಳಹೋಗಿ ಎತ್ತಿ ನೋಡಿದೆ: ಮಣಭಾರ, ಮುಚ್ಚಳದ ಮೇಲೆ ದಪ್ಪ ಧೂಳು. ಅದನ್ನು ತುಂಬಿಟ್ಟು ಬಹಳ ದಿನವೇ ಆಗಿತ್ತು.